ಸರ್ಚ್-ಬೇಸ್ಡ್ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಾಠ ಎಲ್ಲಿಂದ ಶುರು ಮಾಡಲಿ? ಊರಲ್ಲೇ ಇದ್ದು ಪಿಎಚ್‌ಡಿ ಆಗುತ್ತಾ?

ಕುಶಾಲನಗರ_ಹೊಸ_ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕುಶಾಲನಗರದವನು. ನಮ್ಮ ಜಿಲ್ಲೆಯಲ್ಲೇ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ, ಎರಡು ವರ್ಷವಾಯಿತು. ಈ ಸಲ ಏಳನೇ ಸೆಮಿಸ್ಟರ್‌ನವರಿಗೆ ಸರ್ಚ್-ಬೇಸ್ಡ್ ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಲೆಕ್ಟಿವ್ ನನ್ನ ಪಾಲಿಗೆ ಬಂದಿದೆ. ಟೆಸ್ಟಿಂಗ್‌ನಂಥ ಸಾಫ್ಟ್‌ವೇರ್ ಕೆಲಸಗಳಿಗೆ ಒಳ್ಳೆಯ ಉತ್ತರವನ್ನು ಯಂತ್ರದ ಕೈಯಲ್ಲೇ ಹುಡುಕಿಸುವ ವಿಷಯ ಇದು. 23 ಜನ ತಗೊಂಡಿದ್ದಾರೆ.

ಮೊದಲ ಕ್ಲಾಸಿನಲ್ಲಿ ಜೆನೆಟಿಕ್ ಅಲ್ಗಾರಿದಮ್‌ನಿಂದ ಶುರು ಮಾಡಿದೆ. ಪಾಪ್ಯುಲೇಶನ್, ಕ್ರೋಮೋಸೋಮ್, ಕ್ರಾಸ್‌ಓವರ್, ಮ್ಯುಟೇಶನ್ ಎಲ್ಲ ಸ್ಲೈಡ್‌ನಲ್ಲಿ ತೋರಿಸಿದೆ. ನಲವತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ ಹುಡುಗಿ, "ಸರ್, ಇದು ಬಯಾಲಜಿನಾ, ಸಾಫ್ಟ್‌ವೇರಾ?" ಅಂತ ಕೇಳಿದಳು. ಯಾರೂ ನಗಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನನ್ನ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ.

ಎರಡು ಪ್ರಶ್ನೆ. ಈ ಪಾಠ ಎಲ್ಲಿಂದ ಶುರು ಮಾಡಬೇಕು? ಇನ್ನೊಂದು, ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಆಸೆ ಇದೆ. ಮನೆಯಲ್ಲಿ ಅಮ್ಮ ಒಬ್ಬರೇ, ಎರಡು ಎಕರೆ ತೋಟ ಇದೆ, ಬೆಂಗಳೂರಿಗೆ ಹೋಗಿ ಕೂರುವ ಹಾಗಿಲ್ಲ. ದೊಡ್ಡ ಲ್ಯಾಬ್ ಇಲ್ಲದೆ ಇಲ್ಲಿಂದಲೇ ಮಾಡಬಹುದಾ?

ಗೋಣಿಕೊಪ್ಪ_ಟೆಸ್ಟರ್ ಉತ್ತರ:

ಸರ್, ನಾನು ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ರಾತ್ರಿ ಓಡುವ ಟೆಸ್ಟ್‌ಗಳಿಗೆ ಆರು ಗಂಟೆ ಬೇಕಿತ್ತು. ಯಾವುದನ್ನು ಮೊದಲು ಓಡಿಸಿದರೆ ತಪ್ಪು ಬೇಗ ಸಿಗುತ್ತೆ ಅಂತ ಹುಡುಕುವ ಒಂದು ಸ್ಕ್ರಿಪ್ಟ್ ಬರೆದಿದ್ದರು. ಅದಕ್ಕೆ ಇಂಥ ಹೆಸರಿದೆ ಅಂತ ನನಗೆ ಆಮೇಲೆ ಗೊತ್ತಾಯಿತು.

ಪಾಠಕ್ಕೆ ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟದ ಉದಾಹರಣೆ ಕೊಡಿ. ಮಂಜು ಕವಿದಾಗ ಹತ್ತಡಿ ಮುಂದೆ ಕಾಣುವುದಿಲ್ಲ, ಏರು ಯಾವ ಕಡೆ ಅಂತ ಕಾಲಿಗಷ್ಟೇ ಗೊತ್ತು. ಏರು ಮುಗಿಯಿತು, ತುದಿ ಬಂತು ಅಂದುಕೊಂಡಿರುತ್ತೇವೆ. ಮಂಜು ಸರಿದ ಮೇಲೆ ನೋಡಿದರೆ ಪಕ್ಕದ ಸಣ್ಣ ಗುಡ್ಡದ ಮೇಲಿರುತ್ತೇವೆ. ಏರು ಇರುವ ಕಡೆಗೇ ಹೆಜ್ಜೆ ಇಡುವ ಹಿಲ್ ಕ್ಲೈಂಬಿಂಗ್, ಸಣ್ಣ ಗುಡ್ಡದ ಮೇಲೇ ಸಿಕ್ಕಿಬೀಳುವ ಲೋಕಲ್ ಆಪ್ಟಿಮಮ್ ಎರಡೂ ಅದರಲ್ಲೇ ಬಂತು ಅಲ್ವಾ?

ನಾಪೋಕ್ಲು_ಟೀಚರ್ ಉತ್ತರ:

ಹೊಸ ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಈ ಪಾಠವನ್ನು ನಾನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಸಂಶೋಧನೆಯೂ ಇದರಲ್ಲೇ, ಟೆಸ್ಟ್ ಡೇಟಾವನ್ನು, ಅಂದರೆ ಪ್ರೋಗ್ರಾಂ ಪರೀಕ್ಷಿಸಲು ಕೊಡುವ ಇನ್‌ಪುಟ್‌ಗಳನ್ನು, ಯಂತ್ರದ ಕೈಯಲ್ಲೇ ಹುಡುಕಿಸುವುದು. ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರು ಈ ಪಾಠ ಮಾಡುತ್ತಿದ್ದಾರೆ ಅಂತ ಈಗಷ್ಟೇ ಗೊತ್ತಾಗಿದ್ದು. ಸ್ವಲ್ಪ ಉದ್ದ ಬರೆಯುತ್ತೇನೆ.

ಆ ಹುಡುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ. ಅವಳಿಗೆ ಹೇಳಿ, ಇದು ಸಾಫ್ಟ್‌ವೇರೇ. ಜೀನು, ಕ್ರೋಮೋಸೋಮ್ ಎಲ್ಲ ಜೆನೆಟಿಕ್ ಅಲ್ಗಾರಿದಮ್‌ನ ಮಾತು, ಉತ್ತರಗಳನ್ನು ಜೀವಿಗಳ ಹಾಗೆ ಬೆರೆಸಿ ಬದಲಿಸುತ್ತಾ ಹುಡುಕುವ ಒಂದು ವಿಧಾನ ಅದು. ಆ ವಿಧಾನ ಜಾನ್ ಹಾಲೆಂಡ್ ಅವರ 1975ರ ಪುಸ್ತಕದಿಂದ ಹೆಸರಾಯಿತು. ಅದನ್ನು ತೆಗೆದು ಇನ್ನೊಂದು ಇಟ್ಟರೂ ಈ ವಿಷಯ ಹಾಗೇ ಉಳಿಯುತ್ತದೆ. ಆದ್ದರಿಂದ ಅಲ್ಲಿಂದ ಶುರು ಮಾಡಬೇಡಿ. ನಾನೂ ಮೊದಲ ಎರಡು ವರ್ಷ ಅಲ್ಲಿಂದಲೇ ಶುರು ಮಾಡಿದ್ದೆ. ಹುಡುಗರು ಪರೀಕ್ಷೆಯಲ್ಲಿ ಕ್ರಾಸ್‌ಓವರ್ ಚಿತ್ರ ಚೆನ್ನಾಗಿ ಬರೆದರು. ಒಂದು ಪ್ರೋಗ್ರಾಂ ಕೊಟ್ಟು ಇದಕ್ಕೆ ಟೆಸ್ಟ್ ಹುಡುಕಿ ಅಂದರೆ ಕೈಕಟ್ಟಿ ಕೂತರು.

ಟೆಸ್ಟರ್ ಅವರು ಹೇಳಿದ ತಡಿಯಂಡಮೋಳ್ ಉದಾಹರಣೆ ನಾನೂ ಕೊಡುತ್ತಿದ್ದೆ. ಚೆನ್ನಾಗಿದೆ, ಆದರೆ ಒಂದು ತೊಡಕಿದೆ. ತಡಿಯಂಡಮೋಳ್ 1748 ಮೀಟರ್. ನಾವು ಹತ್ತಿದರೂ ಹತ್ತದಿದ್ದರೂ ಅದು ಅಲ್ಲೇ ಇರುತ್ತದೆ. ಪ್ರೋಗ್ರಾಂನಲ್ಲಿ ಅಂಥ ಬೆಟ್ಟ ಇರುವುದಿಲ್ಲ. ಬರೀ ಹೌದು, ಇಲ್ಲ ಅಷ್ಟೇ ಇರುತ್ತದೆ. ಬೆಟ್ಟವನ್ನು ನಾವೇ ಕಟ್ಟಬೇಕು. ಗುರಿಗೆ ಎಷ್ಟು ಹತ್ತಿರ ಬಂದೆವು ಅಂತ ಅಳೆಯುವ ಲೆಕ್ಕ, ಫಿಟ್‌ನೆಸ್ ಫಂಕ್ಷನ್ ಅಂದರೆ ಅದೇ. ನಾನು ಇಡೀ ಸೆಮಿಸ್ಟರ್ ಕಲಿಸುವುದು ಆ ಬೆಟ್ಟ ಕಟ್ಟುವ ಕೆಲಸವನ್ನು. ಹತ್ತುವುದಕ್ಕೆ ಯಾವ ಕಾಲಾದರೂ ನಡೆಯುತ್ತದೆ.

ಈಗ ನನ್ನ ಮೊದಲ ಕ್ಲಾಸ್ ಹೇಗಿರುತ್ತದೆ ಹೇಳುತ್ತೇನೆ. ಸ್ಲೈಡ್ ಇಲ್ಲ. 1ರಿಂದ 10,000ದ ಒಳಗೆ ಒಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಚಿ ಮೇಜಿನ ಮೇಲೆ ಇಡುತ್ತೇನೆ. ಹುಡುಕಿ ಅನ್ನುತ್ತೇನೆ. ಒಬ್ಬೊಬ್ಬರೇ ಸಂಖ್ಯೆ ಹೇಳುತ್ತಾರೆ. ನಾನು ಬರೀ "ಇಲ್ಲ" ಅನ್ನುತ್ತೇನೆ. ಹತ್ತು ನಿಮಿಷ ಹೀಗೇ. ಮೊದಲು ಉತ್ಸಾಹ ಇರುತ್ತದೆ, ಆಮೇಲೆ ಬೇಜಾರು ಶುರುವಾಗುತ್ತದೆ. ಆ ಬೇಜಾರು ಪೂರ್ತಿ ಬರುವವರೆಗೆ ಬಿಡಿ, ಅದು ಬೇಕು. ಆಮೇಲೆ ಹೇಳುತ್ತೇನೆ, ಇನ್ನು ಮುಂದೆ ನೀವು ಎಷ್ಟು ದೂರ ಇದ್ದೀರಿ ಅಂತ ಹೇಳುತ್ತೇನೆ ಎಂದು. ಹೋದ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗ "1" ಅಂದ. ನಾನು "7341" ಅಂದೆ. ಅವನು ಎದ್ದು ನಿಂತು "7342" ಅಂದ. ಚೀಟಿ ಬಿಚ್ಚಿ ತೋರಿಸಿದೆ. ಹತ್ತು ನಿಮಿಷದಲ್ಲಿ ಮೂವತ್ತು ಜನರಿಂದ ಆಗದೇ ಇದ್ದದ್ದು ಎರಡು ಮಾತಿನಲ್ಲಿ ಆಯಿತು. ಅವನು ಮೊದಲಿಗಿಂತ ಜಾಣನಾಗಿರಲಿಲ್ಲ. ನಾನು ಕೊಡುವ ಉತ್ತರ ಬದಲಾಗಿತ್ತು, ಅಷ್ಟೇ.

ಅಲ್ಲಿಂದ ಪ್ರೋಗ್ರಾಂಗೆ ಬನ್ನಿ. ಟೆಸ್ಟಿಂಗ್‌ನಲ್ಲಿ ಹಳೆಯ ಉದಾಹರಣೆ ತ್ರಿಕೋನ. ಮೂರು ಬಾಹು ಕೊಟ್ಟರೆ ಯಾವ ಜಾತಿಯ ತ್ರಿಕೋನ ಅಂತ ಹೇಳಬೇಕು. ಬಾಹುಗಳು 1ರಿಂದ 1000ದ ಒಳಗಿನ ಪೂರ್ಣಾಂಕ ಅಂತ ಇಟ್ಟುಕೊಂಡರೆ ಒಟ್ಟು ನೂರು ಕೋಟಿ ಜೋಡಣೆ. ಅದರಲ್ಲಿ ಮೂರೂ ಸಮ ಇರುವುದು ಬರೀ 1000. ಸುಮ್ನೆ ಕೈಗೆ ಬಂದದ್ದು ಹಾಕುತ್ತಾ ಹೋದರೆ ಹತ್ತು ಲಕ್ಷಕ್ಕೆ ಒಂದು ಸಲ ಸಿಗಬಹುದು. ಬಾಹುಗಳ ನಡುವಿನ ವ್ಯತ್ಯಾಸವನ್ನು ದೂರ ಅಂತ ಅಳೆದರೆ ಲ್ಯಾಪ್‌ಟಾಪ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ಹುಡುಗರ ಕೈಯಲ್ಲೇ ಬರೆಸಿ. ಇಪ್ಪತ್ತು ಸಾಲಿನ ಹಿಲ್ ಕ್ಲೈಂಬರ್ ಸಾಕು. ಯಾವ ಲೈಬ್ರರಿಯೂ ಬೇಡ.

ಷರತ್ತಿನೊಳಗೆ ಷರತ್ತು ಬಂದಾಗ ನಾನು ಕಾಫಿ ಲೆಕ್ಕ ತರುತ್ತೇನೆ. ನಮ್ಮ ಹುಡುಗರಲ್ಲಿ ಅರ್ಧ ಜನ ಕಣದಲ್ಲಿ ಚೆರ್ರಿ ಕೆದಕಿದವರೇ, ಮಾರುವಾಗ ತೇವ ನೋಡುವುದು ಗೊತ್ತಿರುತ್ತದೆ. ಒಂದು ಸಣ್ಣ ಪ್ರೋಗ್ರಾಂ. ತೇವ 11 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಳಗೆ ಹೋಗು. ಒಳಗೆ, ತೂಕ ಸರಿಯಾಗಿ 50 ಕಿಲೋ ಇದ್ದರೆ ಈ ಕೆಲಸ ಮಾಡು. ಆ ಒಳಗಿನ ಕೆಲಸದವರೆಗೆ ತಲುಪುವ ಟೆಸ್ಟ್ ಬೇಕು. ತೇವ 8, ತೂಕ 59 ಕೊಟ್ಟೆವು ಅಂತಿಟ್ಟುಕೊಳ್ಳಿ. ಹೊರಗಿನ ಬಾಗಿಲಲ್ಲೇ ನಿಂತಿತು. ಇನ್ನೂ ಒಂದು ಬಾಗಿಲು ದಾಟಬೇಕಿತ್ತು, ಅದಕ್ಕೆ 1. ಈ ಬಾಗಿಲಿಗೆ ದೂರ 3. ದೂರವನ್ನು ದೂರ ಕೂಡಿಸು ಒಂದರಿಂದ ಭಾಗಿಸುತ್ತೇವೆ, ಮೂರನ್ನು ನಾಲ್ಕರಿಂದ, ಅಂದರೆ 0.75. ಒಟ್ಟು 1.75. ಈಗ ತೇವ 12, ತೂಕ 59. ಹೊರಬಾಗಿಲು ದಾಟಿತು, ಒಳಗೆ ದೂರ 9, ಭಾಗಿಸಿದರೆ 0.9. ತೂಕ 51 ಆದರೆ 0.5. ಸರಿಯಾಗಿ 50 ಆದರೆ 0, ಮುಟ್ಟಿತು. ಹೀಗೆ ಭಾಗಿಸುವುದು ಯಾಕೆ ಅಂತ ಹುಡುಗರನ್ನೇ ಕೇಳಿ. ಒಳಗಿನ ದೂರ ಎಷ್ಟೇ ದೊಡ್ಡದಾಗಲಿ, 1 ಮುಟ್ಟುವುದಿಲ್ಲ. ಅದರಿಂದ ಒಳಗೆ ಬಂದವನು ಯಾವತ್ತೂ ಹೊರಗೆ ನಿಂತವನಿಗಿಂತ ಹತ್ತಿರವೇ. ಇದನ್ನು ಒಬ್ಬರು ಬೋರ್ಡಿಗೆ ಬಂದು ತಾವೇ ಹೇಳಿದ ದಿನ ನನಗೆ ಆ ಸೆಮಿಸ್ಟರ್ ಗೆದ್ದ ಹಾಗೆ.

ಇತಿಹಾಸ ಒಂದು ಗಂಟೆಗಿಂತ ಜಾಸ್ತಿ ಬೇಡ. 1976ರಲ್ಲೇ ವೆಬ್ ಮಿಲ್ಲರ್ ಮತ್ತು ಡೇವಿಡ್ ಸ್ಪೂನರ್ ಟೆಸ್ಟ್ ಡೇಟಾ ಹುಡುಕುವುದನ್ನು ಹೀಗೆ ಅಳತೆಯ ಲೆಕ್ಕವಾಗಿ ಮಾಡಿದ್ದರು. ಸರ್ಚ್-ಬೇಸ್ಡ್ ಸಾಫ್ಟ್‌ವೇರ್ ಎಂಜಿನಿಯರಿಂಗ್ ಅನ್ನುವ ಹೆಸರು ಬಂದದ್ದು 2001ರಲ್ಲಿ, ಮಾರ್ಕ್ ಹಾರ್ಮನ್ ಮತ್ತು ಬ್ರಯನ್ ಜೋನ್ಸ್ ಬರೆದ ಲೇಖನದಿಂದ. ನೀವು ಓದಬೇಕಾದದ್ದು ಟೆಸ್ಟ್ ಡೇಟಾ ಹುಡುಕುವುದರ ಬಗ್ಗೆ ಫಿಲ್ ಮೆಕ್‌ಮಿನ್ ಅವರ 2004ರ ಸಮೀಕ್ಷೆ. ನಾನು ಅದನ್ನು ಎಷ್ಟು ಸಲ ಓದಿದ್ದೇನೋ, ನನ್ನ ಪ್ರತಿಯ ಬೆನ್ನು ಕಿತ್ತುಹೋಗಿದೆ.

ಆದರೆ ಎರಡು ಗುರಿ ಒಟ್ಟಿಗೆ ಬರುವ ಪಾಠಕ್ಕೆ ಚೆನ್ನಾಗಿ ಸಮಯ ಕೊಡಿ. ಖರ್ಚು ಕಡಿಮೆ ಆಗಬೇಕು, ಗಿರಾಕಿಗೆ ಬೇಕಾದದ್ದು ಜಾಸ್ತಿ ಸಿಗಬೇಕು, ಇಂಥದ್ದು. ಇಲ್ಲಿ ಒಂದೇ ಉತ್ತರ ಇರುವುದಿಲ್ಲ, ಉತ್ತರಗಳ ಒಂದು ಸಾಲು ಸಿಗುತ್ತದೆ. ಅದಕ್ಕೆ ತುಂಬಾ ಜನ ಬಳಸುವ ಎನ್‌ಎಸ್‌ಜಿಎ-2 ಅನ್ನುವ ವಿಧಾನ ನಮ್ಮ ದೇಶದ್ದು. ಐಐಟಿ ಕಾನ್ಪುರದಲ್ಲಿದ್ದ ಕಲ್ಯಾಣ್ಮಯ್ ದೇಬ್ ಮತ್ತು ಅವರ ಜೊತೆಗಾರರು 2002ರಲ್ಲಿ ಪ್ರಕಟಿಸಿದ್ದು. 2016ರಲ್ಲಿ ಬಂದ ಸೇಪಿಯೆನ್ಜ್ ಅನ್ನುವ ಆಂಡ್ರಾಯ್ಡ್ ಟೆಸ್ಟಿಂಗ್ ಸಾಧನದ ಒಳಗೂ ಇದೇ ಇದೆ. ಆಮೇಲೆ ಅದು ಫೇಸ್‌ಬುಕ್‌ನಲ್ಲಿ ಬಳಕೆಗೆ ಬಂತು. ಇದನ್ನು ಹೇಳಿದಾಗ ಹುಡುಗರ ಮುಖ ನೋಡಬೇಕು ನೀವು. ಈ ವಿಷಯ ಬೇರೆ ಯಾರದೋ ಅಂತ ಅವರಿಗೆ ಆಮೇಲೆ ಅನ್ನಿಸುವುದಿಲ್ಲ.

ಇನ್ನೊಂದು ಪಾಠ ಬಿಡಲೇಬೇಡಿ. ಜೆನ್‌ಪ್ರಾಗ್ ಅಂತ ಒಂದು ಕೆಲಸ, ಪ್ರೋಗ್ರಾಂನ ತಪ್ಪನ್ನು ಯಂತ್ರವೇ ತಿದ್ದುವುದು, 2009ರಲ್ಲಿ ಬಂತು. 2012ರ ಲೇಖನದಲ್ಲಿ 105 ತಪ್ಪುಗಳಲ್ಲಿ 55ನ್ನು ತಿದ್ದಿತು ಅಂತ ಬರೆದರು. ದೊಡ್ಡ ಸುದ್ದಿ ಅದು. 2015ರಲ್ಲಿ ಬೇರೆ ತಂಡದವರು ಆ ತಿದ್ದುಪಡಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ನಿಜವಾಗಿ ಸರಿ ಅಂತ ಅವರಿಗೆ ಕಂಡದ್ದು ಎರಡು. ಹೆಚ್ಚಿನವು ಪ್ರೋಗ್ರಾಂ ಮಾಡಬೇಕಾದ ಕೆಲಸವನ್ನೇ ತೆಗೆದುಹಾಕಿದ್ದವು. ಟೆಸ್ಟ್ ಪಾಸಾಗುತ್ತಿತ್ತು, ಯಾಕೆಂದರೆ ನೋಡುತ್ತಿದ್ದದ್ದು ಟೆಸ್ಟ್ ಮಾತ್ರ. ಇದರಿಂದ ಜೆನ್‌ಪ್ರಾಗ್ ಸಣ್ಣದಾಗುವುದಿಲ್ಲ. ಅದು ತೆರೆದ ದಾರಿಯಲ್ಲೇ ಈಗ ನೂರಾರು ಜನ ಕೆಲಸ ಮಾಡುತ್ತಿದ್ದಾರೆ. ಆದರೆ ಹುಡುಗರಿಗೆ ನಾನು ಎರಡೂ ಲೇಖನ ಕೊಟ್ಟು, ಬೆಟ್ಟ ಎಲ್ಲಿ ತಪ್ಪಾಗಿ ಕಟ್ಟಲಾಗಿತ್ತು ಅಂತ ಕೇಳುತ್ತೇನೆ. ಇಂಟರ್ನಲ್‌ನಲ್ಲಿ ಜಾಸ್ತಿ ಮಾರ್ಕ್ಸ್ ಇಡುವುದು ಇದಕ್ಕೇ.

ಈಗ ಪಿಎಚ್‌ಡಿ. ಮಾಡಬಹುದು, ಇಲ್ಲಿಂದಲೇ. ನಾನು ಪಾರ್ಟ್‌ಟೈಮ್ ಮಾಡಿದೆ, ಗೈಡ್ ಮೈಸೂರಿನಲ್ಲಿದ್ದರು. ತಿಂಗಳಿಗೊಮ್ಮೆ ಬೆಳಗಿನ ಬಸ್ ಹತ್ತಿ ಹೋಗಿ ರಾತ್ರಿ ಬರುತ್ತಿದ್ದೆ. ಈ ವಿಷಯಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ. ಬೇಕಾದದ್ದು ಹೊತ್ತು, ಮತ್ತೆ ನಿಯತ್ತು.

ನಿಯತ್ತು ಅಂದೆ ಯಾಕೆ ಅಂದರೆ, ಈ ವಿಧಾನಗಳಲ್ಲಿ ಅದೃಷ್ಟದ ಪಾಲಿದೆ. ಒಂದು ಸಲ ಓಡಿಸಿದರೆ 95 ಬರಬಹುದು, ಇನ್ನೊಂದು ಸಲ 70. ಒಂದು ಸಲ ಓಡಿಸಿ ಬರೆದದ್ದು ಫಲಿತಾಂಶ ಅಲ್ಲ. ಕಡಿಮೆ ಅಂದರೂ ಮೂವತ್ತು ಸಲ, ಬೇರೆ ಬೇರೆ ಸೀಡ್ (ಅದೃಷ್ಟದ ಪಾಲು ಯಾವ ಸಂಖ್ಯೆಯಿಂದ ಶುರುವಾಗುತ್ತದೋ ಅದು) ಇಟ್ಟು ಓಡಿಸಬೇಕು. ಆರ್ಕುರಿ ಮತ್ತು ಬ್ರಿಯಾಂಡ್ 2011ರಲ್ಲಿ ಇದರ ಬಗ್ಗೆಯೇ ಒಂದು ಲೇಖನ ಬರೆದಿದ್ದಾರೆ. ಅವರು ಸಾಧ್ಯವಾದರೆ ಸಾವಿರ ಸಲ ಅನ್ನುತ್ತಾರೆ. ಸುಮ್ನೆ ಕೈಗೆ ಬಂದದ್ದು ಹಾಕುವ ರ್‍ಯಾಂಡಮ್ ಸರ್ಚ್ ಜೊತೆ ಹೋಲಿಸಲೇಬೇಕು. ನನ್ನ ಪ್ರಯೋಗದ ನಾಲ್ಕು ಪ್ರೋಗ್ರಾಂಗಳಲ್ಲಿ ಎರಡರಲ್ಲಿ ರ್‍ಯಾಂಡಮ್ ನನ್ನ ವಿಧಾನದಷ್ಟೇ ಚೆನ್ನಾಗಿ ಮಾಡಿತ್ತು. ಅದನ್ನು ಹಾಗೇ ಬರೆದೆ. ಪೇಪರ್ ನೋಡಿದವರು ಮೆಚ್ಚಿದ್ದು ಆ ಭಾಗವನ್ನೇ.

ಇನ್ನೊಂದು ನಮ್ಮೂರಿಗೆ ಸೇರಿದ ಮಾತು. ನಾಲ್ಕು ಪ್ರೋಗ್ರಾಂ, ಎರಡು ವಿಧಾನ, ಮೂವತ್ತು ಸಲ, ಒಟ್ಟು 240 ಓಟ. ಒಂದೊಂದಕ್ಕೆ ಹತ್ತು ನಿಮಿಷ ಅಂದರೆ 40 ಗಂಟೆ. ಕಕ್ಕಡ ತಿಂಗಳು, ಮಳೆ ಬಿಡದೆ ಹೊಡೆಯುತ್ತಿತ್ತು. 37ನೇ ಗಂಟೆಗೆ ಕರೆಂಟ್ ಹೋಯಿತು. ಹಳೆ ಲ್ಯಾಪ್‌ಟಾಪ್, ಬ್ಯಾಟರಿ ಅರ್ಧ ಗಂಟೆಯೂ ನಿಲ್ಲಲಿಲ್ಲ. ಫಲಿತಾಂಶ ಎಲ್ಲ ಕೊನೆಗೆ ಒಟ್ಟಿಗೆ ಫೈಲ್‌ಗೆ ಬರೆಯುವ ಹಾಗೆ ಕೋಡ್ ಬರೆದಿದ್ದೆ. 222 ಓಟ ಹೋಯಿತು, ಒಂದು ಸಾಲೂ ಉಳಿಯಲಿಲ್ಲ. ಕರೆಂಟ್ ಬಂದದ್ದು ನಾಲ್ಕು ದಿನದ ಮೇಲೆ. ಅವತ್ತು ರಾತ್ರಿ ಲಾಟೀನು ಹಚ್ಚಿಕೊಂಡು ಅತ್ತಿದ್ದೆ. ಅವ್ವ ಬಿಸಿ ಕಾಫಿ ತಂದಿಟ್ಟು ಏನೂ ಕೇಳದೆ ಪಕ್ಕದಲ್ಲಿ ಕೂತರು. ಅವತ್ತಿನಿಂದ ನನ್ನ ಪ್ರತಿ ಓಟವೂ ಮುಗಿದ ತಕ್ಷಣ ಒಂದು ಸಾಲು ಬರೆಯುತ್ತದೆ, ಸೀಡ್ ಸಮೇತ. ಮತ್ತೆ ಶುರು ಮಾಡಿದರೆ ನಿಂತಲ್ಲಿಂದಲೇ ಹೋಗುತ್ತದೆ. ನಿಮ್ಮ ಹುಡುಗರಿಗೂ ಮೊದಲ ಲ್ಯಾಬ್‌ನಲ್ಲೇ ಇದನ್ನು ಮಾಡಿಸಿ.

ಟೆಸ್ಟ್ ಹುಡುಕುವ ಸಾಧನ ಬೇಕಾದರೆ ಜಾವಾಕ್ಕೆ ಇವೋಸೂಟ್ ಇದೆ, ಗೋರ್ಡನ್ ಫ್ರೇಸರ್ ಮತ್ತು ಆರ್ಕುರಿ ಮಾಡಿದ್ದು. ಪೈಥಾನ್‌ಗೆ ಪಿಂಗ್ವಿನ್. ಎರಡೂ ಪುಕ್ಕಟೆ. ಪಿಂಗ್ವಿನ್ ಬಳಸುವಾಗ ಜೋಪಾನ. ಅದು ನಿಮ್ಮ ಕೋಡನ್ನು ಮನಸ್ಸಿಗೆ ಬಂದ ಇನ್‌ಪುಟ್ ಕೊಟ್ಟು ನಿಜವಾಗಿಯೂ ಓಡಿಸುತ್ತದೆ. ಫೈಲ್ ಅಳಿಸುವ ಕೋಡ್ ಇದ್ದರೆ ಫೈಲ್ ಅಳಿಸಿಯೇ ಹೋಗಬಹುದು. ಡಾಕರ್ ಒಳಗೆ, ಅಂದರೆ ನಿಮ್ಮ ಫೈಲ್‌ಗಳಿಂದ ಬೇರೆಯಾದ ಜಾಗದಲ್ಲಿ ಇಟ್ಟು ಓಡಿಸಿ.

ಗೋಣಿಕೊಪ್ಪ_ಟೆಸ್ಟರ್ ಉತ್ತರ:

ಮೇಡಂ, ಬೆಟ್ಟ ನಾವೇ ಕಟ್ಟಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಸ್ಕ್ರಿಪ್ಟ್ ಹಿಂದೆ ತಪ್ಪು ಹಿಡಿದ ಟೆಸ್ಟ್‌ಗಳನ್ನೇ ಮೊದಲು ಓಡಿಸುತ್ತದೆ. ಹೊಸ ಟೆಸ್ಟ್‌ಗಳು ಯಾವಾಗಲೂ ಕೊನೆಗೆ ಹೋಗುತ್ತವೆ. ಹೊಸ ಕೋಡಿನ ತಪ್ಪು ತಡವಾಗಿ, ಬೆಳಗ್ಗೆ ಕಾಣುವುದು ಅದಕ್ಕೇ ಇರಬೇಕು. ನಾಳೆ ಆಫೀಸಿನಲ್ಲಿ ಈ ಮಾತು ಎತ್ತುತ್ತೇನೆ.

ಕುಶಾಲನಗರ_ಹೊಸ_ಮೇಷ್ಟ್ರು ಉತ್ತರ:

ಮೇಡಂ, ಇವತ್ತು ಚೀಟಿ ಆಟ ಆಡಿಸಿದೆ. ಬರೀ "ಇಲ್ಲ" ಅನ್ನುವಾಗ ಎಂಟು ನಿಮಿಷಕ್ಕೇ ಒಬ್ಬ, "ಸರ್, ಸ್ವಲ್ಪ ಸುಳಿವು ಕೊಡಿ, ಮೇಲಾ ಕೆಳಗಾ ಅಂತಾದರೂ ಹೇಳಿ" ಅಂದ. ನಾನು ಹೇಳಿಕೊಡುವ ಮೊದಲೇ ಅವರೇ ಫಿಟ್‌ನೆಸ್ ಫಂಕ್ಷನ್ ಕೇಳಿಬಿಟ್ಟರು! ಮೇಲೆ ಕೆಳಗೆ ಅಂತ ಹೇಳಿದ್ದಕ್ಕೆ ಹನ್ನೊಂದು ಸಲ ಬೇಕಾಯಿತು, ದೂರ ಹೇಳಿದಾಗ ಎರಡೇ. ಎಷ್ಟು ಹೇಳುತ್ತೇವೋ ಅಷ್ಟು ಬೇಗ ಅಂತ ಬೋರ್ಡ್ ಮೇಲೆ ಅವರೇ ಬರೆದರು. ಬಯಾಲಜಿನಾ ಅಂತ ಕೇಳಿದ್ದ ಹುಡುಗಿ ಮೂರು ಬಾಹುವಿನ ಕೋಡ್ ಅಲ್ಲೇ ಕೂತು ಬರೆದಳು.

ಒಂದು ಕಡೆ ಸಿಕ್ಕಿಕೊಂಡೆವು. ಅದೇ ಹುಡುಗಿ ಕಾಫಿ ಪ್ರೋಗ್ರಾಂನಲ್ಲಿ ಮೊದಲು "ಒದ್ದೆ" ಅಂತ ಒಂದು ವೇರಿಯಬಲ್ ಮಾಡಿ, ತೇವ 11 ಮುಟ್ಟಿದರೆ ಅದನ್ನು ಹೌದು ಅಂತ ಇಟ್ಟಳು. ಆಮೇಲೆ ಕೆಳಗೆ, ಒದ್ದೆ ಆಗಿದ್ದರೆ ಒಳಗೆ ಹೋಗು ಅಂತ ಬರೆದಳು. ಕೋಡ್ ಸರಿ ಇದೆ, ಓದಲೂ ಚೆನ್ನಾಗಿದೆ. ಆದರೆ ಹಿಲ್ ಕ್ಲೈಂಬರ್ ಎಲ್ಲೂ ಹೋಗದೆ ಸುತ್ತುತ್ತಿದೆ. ಅವಳ ಕೋಡ್ ತಪ್ಪು ಅನ್ನಲು ಮನಸ್ಸಾಗಲಿಲ್ಲ.

ನಾಪೋಕ್ಲು_ಟೀಚರ್ ಉತ್ತರ:

ಅನ್ನಬೇಡಿ. ಅವಳ ಕೋಡ್ ತಪ್ಪಲ್ಲ. ಅವಳು ಎರಡನೇ ವಾರದಲ್ಲೇ ಈ ವಿಷಯದ ಹೆಸರಾದ ಒಂದು ತೊಡಕನ್ನು ತಾನೇ ಕಂಡುಹಿಡಿದಿದ್ದಾಳೆ. ಇದನ್ನು ಫ್ಲ್ಯಾಗ್ ಸಮಸ್ಯೆ ಅನ್ನುತ್ತಾರೆ. ಒದ್ದೆ ಅನ್ನುವುದಕ್ಕೆ ಹೌದು, ಇಲ್ಲ ಎರಡೇ ಬೆಲೆ. ತೇವ 3 ಇದ್ದರೂ ಇಲ್ಲ, 10 ಇದ್ದರೂ ಇಲ್ಲ. ದೂರ ಎರಡಕ್ಕೂ ಒಂದೇ. ಬೆಟ್ಟ ಹೋಗಿ ಗದ್ದೆಬಯಲು ಆಯಿತು. ಬಯಲಿನಲ್ಲಿ ನಿಂತವನಿಗೆ ಏರು ಯಾವ ಕಡೆ ಅಂತ ಹೇಗೆ ಗೊತ್ತಾಗಬೇಕು? ನಿಮ್ಮ ಚೀಟಿ ಆಟದ ಮೊದಲ ಎಂಟು ನಿಮಿಷ ಮತ್ತೆ ಬಂದ ಹಾಗೆ.

ದಾರಿ ಇದೆ. ಟೆಸ್ಟ್ ಹುಡುಕುವುದಕ್ಕೆ ಮಾತ್ರ ಅವಳ ಕೋಡಿನ ಒಂದು ಪ್ರತಿ ಮಾಡಿ. ಆ ಪ್ರತಿಯಲ್ಲಿ ಕೆಳಗಿನ ಷರತ್ತಿನ ಒದ್ದೆ ತೆಗೆದು, ಅದರ ಜಾಗದಲ್ಲಿ ತೇವ 11 ಅಥವಾ ಜಾಸ್ತಿ ಅಂತ ಬರೆಯಿರಿ. ನಡುವೆ ತೇವದ ಬೆಲೆ ಬದಲಾಗಿಲ್ಲ ಅಂತ ಮಾತ್ರ ನೋಡಿಕೊಳ್ಳಿ. ಆ ಪ್ರತಿಯ ಮೇಲೆ ಹುಡುಕಿ, ಸಿಕ್ಕಿದ ಟೆಸ್ಟನ್ನು ಅವಳ ಮೂಲ ಕೋಡಿಗೆ ಕೊಟ್ಟು ನೋಡಿ. ಆಮೇಲೆ ಪ್ರತಿ ಬಿಸಾಕಿ. ಅವಳ ಕೋಡ್ ಅವಳು ಬರೆದ ಹಾಗೇ ಇರುತ್ತದೆ. ಹಾರ್ಮನ್ ಮತ್ತು ಜೊತೆಗಾರರು 2004ರಲ್ಲಿ ಇದನ್ನು ಟೆಸ್ಟಬಿಲಿಟಿ ಟ್ರಾನ್ಸ್‌ಫರ್ಮೇಶನ್ ಅಂತ ಬರೆದರು. ಆ ಲೇಖನ ಅವಳ ಕೈಗೆ ಕೊಡಿ. ಮುಂದಿನ ಕ್ಲಾಸ್ ಅವಳೇ ತಗೊಳ್ಳಲಿ.

ಮತ್ತೆ ಒಂದು ಕೇಳಬೇಕಿತ್ತು. ನಿಮ್ಮ 23 ಜನ, ನನ್ನ 31 ಜನ. ಪುತ್ತರಿ ರಜೆ ಮುಗಿದ ಮೇಲೆ ಒಂದು ಶನಿವಾರ ಇಬ್ಬರೂ ಕೂಡಿ ಲ್ಯಾಬ್ ಮಾಡೋಣವಾ? ನಿಮ್ಮವರು ಬರೆದ ಪ್ರೋಗ್ರಾಂಗೆ ನಮ್ಮವರು ಟೆಸ್ಟ್ ಹುಡುಕಲಿ, ನಮ್ಮವರದಕ್ಕೆ ನಿಮ್ಮವರು. ಮಡಿಕೇರಿಗೆ ಬನ್ನಿ, ಎಲ್ಲರಿಗೂ ಊಟ ನಮ್ಮ ಕಡೆಯಿಂದ.